ಎಣ್ಣೆ ಸಿಟೀಲಿ ಎರಡು ದಿನ: ಮಂಡಕ್ಕಿ, ಮುದ್ದೆ ಮತ್ತೆ ‘ಯಾವ ಎಣ್ಣೆ?’ ಅನ್ನೋ ಪ್ರಶ್ನೆ

‘ನಿಮ್ಮೂರು ಯಾವ್ದು?’ ಅಂತ ಬೆಂಗಳೂರಿನ ಆಫೀಸಲ್ಲಿ ಯಾರಾದ್ರೂ ಕೇಳಿದಾಗ, ‘ಚಳ್ಳಕೆರೆ, ಎಣ್ಣೆ ಸಿಟಿ’ ಅಂದ್ರೆ ಸಾಕು, ಟೀಮಿಗೆ ಟೀಮೇ ನಗುತ್ತೆ. ನಮ್ಮ ತಲೆಮಾರಿಗೆ ‘ಎಣ್ಣೆ’ ಅಂದ್ರೆ ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲಿನದ್ದು. ಆದ್ರೆ ಚಳ್ಳಕೆರೆಗೆ ಆ ಹೆಸರು ಬಂದಿದ್ದು ಶೇಂಗಾ ಎಣ್ಣೆಯಿಂದ. ಒಂದು ಕಾಲಕ್ಕೆ ಇಲ್ಲಿದ್ದ ಎಣ್ಣೆ ಮಿಲ್ಲುಗಳು, ಶೇಂಗಾ ವ್ಯಾಪಾರ ನೋಡಿ ಜನ ಈ ಊರನ್ನ ‘ಎರಡನೇ ಮುಂಬೈ’ ಅಂತಾನೂ ಕರೀತಿದ್ರು.

ಈ ಎರಡೂ ಎಣ್ಣೆಗಳಿಗೆ ಒಂದು ಸಂಬಂಧ ಇದೆ ಅಂತ ನನಗನ್ಸುತ್ತೆ. ಅದನ್ನ ಹೇಳೋಕೇ ಈ ಲೇಖನ. ಜೊತೆಗೆ ಚಳ್ಳಕೆರೆ, ಮೊಳಕಾಲ್ಮುರು ಕಡೆ ಒಂದು ವೀಕೆಂಡ್ ಹೋದ್ರೆ ಏನು ತಿನ್ನಬಹುದು, ಯಾವಾಗ ಹೋಗಬಹುದು ಅನ್ನೋ ಮಾಹಿತಿನೂ ಇದೆ.

ಪಬ್ ಕಲಿಸಿದ ಒಳ್ಳೆ ಅಭ್ಯಾಸ

2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಶುರುವಾದ ಆಸುಪಾಸಿನಿಂದ ಬೆಂಗಳೂರಲ್ಲಿ ಬಿಯರನ್ನ ತಾವೇ ತಯಾರಿಸೋ ಪಬ್‌ಗಳು ಒಂದೊಂದಾಗಿ ಬಂದ್ವು. ಅಲ್ಲಿ ಕೂತೋರು ಏನು ಕೇಳ್ತಾರೆ ಗಮನಿಸಿ. ‘ಇದು ಯಾವ ಮಾಲ್ಟ್? ಗೋಧಿಯದ್ದಾ, ಬಾರ್ಲಿಯದ್ದಾ? ಇಲ್ಲೇ ಮಾಡಿದ್ದಾ? ಯಾವಾಗ ಮಾಡಿದ್ದು?’ ಒಂದು ಪೈಂಟ್‌ಗೆ ಮುನ್ನೂರು, ನಾನ್ನೂರು ರೂಪಾಯಿ ಕೊಡೋರು ಇಷ್ಟು ಕೇಳೋದು ನ್ಯಾಯಾನೇ. ಕುಡಿಯೋದು ಬಿಡೋದು ಅವರವರಿಗೆ ಬಿಟ್ಟಿದ್ದು. ಆದ್ರೆ ‘ಇದು ಯಾವುದರಿಂದ ಆಯ್ತು, ಎಲ್ಲಿಂದ ಬಂತು’ ಅಂತ ಕೇಳೋ ಅಭ್ಯಾಸ ಮಾತ್ರ ಒಳ್ಳೇದು.

ಅದೇ ನಾವು ಊರಿಗೆ ಬಂದು ಮಂಡಕ್ಕಿ ಅಂಗಡಿ ಮುಂದೆ ನಿಂತಾಗ ಈ ಪ್ರಶ್ನೆ ಬಾಯಿಗೆ ಬರಲ್ಲ. ಬಾಣಲೆಯಲ್ಲಿ ಕುದೀತಿರೋದು ಯಾವ ಎಣ್ಣೆ? ಶೇಂಗಾ ಬೆಳೆಯೋ ನಾಡಲ್ಲೇ ಕೇಳಬೇಕಾದ ಪ್ರಶ್ನೆ ಇದು.

ಅಂದ ಹಾಗೆ, ಚಳ್ಳಕೆರೇಲಿ ಕ್ರಾಫ್ಟ್ ಬಿಯರ್ ಹುಡುಕೋಕೆ ಹೋಗಬೇಡಿ. ಅದು ಈ ಸೀಮೆಯದ್ದಲ್ಲ. ಹಳ್ಳಗಳ ದಡದಲ್ಲಿ ಈಚಲು ಮರ ಇದ್ರೂ ಇಲ್ಲಿನ ಮ್ಯಾಸನಾಯಕ ಸಮುದಾಯದ ಸಂಪ್ರದಾಯಸ್ಥರು ಈಚಲು ಹೆಂಡ ಮುಟ್ಟಲ್ಲ, ಕೋಳಿನೂ ತಿನ್ನಲ್ಲ. ದೇವರ ಎತ್ತುಗಳನ್ನ ಸಾಕ್ಕೊಂಡು ಬಂದ ಪಶುಪಾಲಕರ ಕಟ್ಟುಪಾಡು ಅದು. ಯಾರದ್ದಾದ್ರೂ ಮನೆಗೆ ಊಟಕ್ಕೆ ಕರೆದ್ರೆ ಇದು ನೆನಪಿರಲಿ.

ಆದ್ರೆ ಮಾಲ್ಟ್ ಮಾತ್ರ ನಮಗೆ ಹೊಸದೇನಲ್ಲ. ರಾಗಿನ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರ್ಸಿ, ಒಣಗಿಸಿ, ಹುರಿದು ಬೀಸಿದ್ರೆ ಅದೇ ರಾಗಿ ಮಾಲ್ಟ್. ಮೊಳಕೆ ಬರುವಾಗ ಕಾಳಿನೊಳಗೆ ಅಮೈಲೇಸ್ ಅನ್ನೋ ಕಿಣ್ವ ಹುಟ್ಟಿ ಪಿಷ್ಟವನ್ನ ಸಕ್ಕರೆಯಾಗಿ ಒಡೆಯುತ್ತೆ. ಅದಕ್ಕೇ ಮೊಳಕೆ ರಾಗಿ ಗಂಜಿ ತೆಳ್ಳಗೆ, ಸಿಹಿಯಾಗಿ ಬರೋದು, ಮಕ್ಕಳಿಗೆ ಸುಲಭವಾಗಿ ಜೀರ್ಣ ಆಗೋದು. ಬಾರ್ಲಿ ಬಿಯರ್‌ನ ಮೊದಲ ಹಂತವೂ ಇದೇ ಕೆಮಿಸ್ಟ್ರಿ. ಸಿಕ್ಕಿಂ, ನೇಪಾಳದ ಕಡೆ ಇದೇ ರಾಗಿಯನ್ನ ಹುಳಿ ಬರಿಸಿ ‘ತೊಂಗ್ಬಾ’ ಮಾಡ್ತಾರೆ. ಬಿಸಿನೀರು ಸುರಿದು ಬಿದಿರಿನ ಕೊಳವೇಲಿ ಹೀರೋದು. ಅದೇ ರಾಗಿ ನಮ್ಮಲ್ಲಿ ಅಂಬಲಿ ಆಯ್ತು, ಅಲ್ಲಿ ಬೇರೆ ಆಯ್ತು, ಅಷ್ಟೇ.

ಬೆಳಗ್ಗೆ ಎಂಟಕ್ಕೆ ಮಂಡಕ್ಕಿ

ಬೆಂಗಳೂರಿಂದ ಚಳ್ಳಕೆರೆ ಸುಮಾರು 200 ಕಿ.ಮೀ. ತುಮಕೂರು, ಶಿರಾ ದಾಟಿ ಹಿರಿಯೂರಲ್ಲಿ ಪುಣೆ ಹೈವೇ ಬಿಟ್ಟು ಬಳ್ಳಾರಿ ರಸ್ತೆ ಹಿಡೀಬೇಕು. ಬೆಳಗಿನ ಜಾವ ಹೊರಟ್ರೆ ತಿಂಡಿ ಹೊತ್ತಿಗೆ ಊರಲ್ಲಿರ್ತೀರಿ.

ಇಲ್ಲಿ ತಿಂಡಿ ಅಂದ್ರೆ ದೋಸೆ, ಪಡ್ಡು, ಚಿತ್ರಾನ್ನ ಎಲ್ಲಾ ಸಿಗುತ್ತೆ. ಆದ್ರೆ ಈ ಸೀಮೆಯ ಗುರುತು ಒಗ್ಗರಣೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ. ದಾವಣಗೆರೆ, ಚಿತ್ರದುರ್ಗದ ಕಡೆ ‘ಎರಡು ಮೆಣಸಿನಕಾಯಿ ಕೊಡಿ’ ಅಂದ್ರೆ ಬಜ್ಜಿ ಅಂತಲೇ ಅರ್ಥ. ಮಂಡಕ್ಕಿನ ನೀರಲ್ಲಿ ಅದ್ದಿ ತಕ್ಷಣ ಹಿಂಡಿ ತೆಗೀತಾರೆ. ಈರುಳ್ಳಿ, ಹಸಿಮೆಣಸು, ಟೊಮೆಟೊ, ಅರಿಶಿನದ ಒಗ್ಗರಣೆಗೆ ಅದನ್ನ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ ನಿಂಬೆಹಣ್ಣು ಹಿಂಡ್ತಾರೆ. ಅದ್ದೋದು ಒಂದು ಕ್ಷಣ ಹೆಚ್ಚಾದ್ರೂ ಮುದ್ದೆಯಾಗುತ್ತೆ, ಕಮ್ಮಿಯಾದ್ರೆ ಗಂಟಲಲ್ಲಿ ಹಿಡಿಯುತ್ತೆ. ಕೈ ಅಳತೆಯ ಕೆಲಸ.

ಮಜಾ ಏನಂದ್ರೆ, ಇದೇ ತಿಂಡಿ ಊರೂರಿಗೆ ಹೆಸರು ಬದಲಾಯಿಸ್ಕೊಂಡು ಓಡಾಡುತ್ತೆ. ಬಳ್ಳಾರಿ ಕಡೆ ಬರೀ ‘ಒಗ್ಗರಣೆ’. ಕೊಪ್ಪಳ, ಹೊಸಪೇಟೆ ಕಡೆ ‘ಸೂಸಲ’. ಮೊಳಕಾಲ್ಮುರು ದಾಟಿ ಆಂಧ್ರದೊಳಗೆ ಕಾಲಿಟ್ರೆ ‘ಉಗ್ಗಾಣಿ’. ಗಡಿ ರೇಖೆ ಮಂಡಕ್ಕಿಗೆ ಗೊತ್ತಿಲ್ಲ.

ಮಧ್ಯಾಹ್ನ: ಮುದ್ದೆಯೋ ರೊಟ್ಟಿಯೋ?

ಚಳ್ಳಕೆರೆ ಒಂದು ಥರ ಊಟದ ಗಡಿ. ದಕ್ಷಿಣದ ರಾಗಿ ಮುದ್ದೆ, ಉತ್ತರದ ಜೋಳದ ರೊಟ್ಟಿ ಎರಡೂ ಇಲ್ಲಿ ಸೇರ್ತವೆ. ಖಾನಾವಳಿಗೆ ಹೋದ್ರೆ ರೊಟ್ಟಿ, ಕಾಳುಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರು. ಮಿಲ್ಟ್ರಿ ಹೋಟೆಲಿಗೆ ಹೋದ್ರೆ ಮುದ್ದೆ, ಮಟನ್ ಸಾರು. ಮುದ್ದೆ ಅಗಿಯೋ ಹಾಗಿಲ್ಲ, ಸಾರಲ್ಲಿ ಅದ್ದಿ ನುಂಗಬೇಕು. ಮೊದಲ ಸಲ ತಿನ್ನೋರಿಗೆ ಪಕ್ಕದ ಟೇಬಲ್ಲಿನ ಯಜಮಾನ್ರೇ ಹೇಳಿಕೊಡ್ತಾರೆ, ಕೇಳೋದೇ ಬೇಡ.

ಇಲ್ಲಿನ ಮಟನ್‌ಗೆ ಒಂದು ಹಿನ್ನೆಲೆ ಇದೆ. ಚಳ್ಳಕೆರೆ ಅಂದ್ರೆ ಎಣ್ಣೆ ಮಾತ್ರ ಅಲ್ಲ, ಕುರಿ ಮತ್ತು ಕಂಬಳಿ ಕೂಡ. ಮೈಸೂರು ಅರಸರ ಕಾಲದ ಅಮೃತ ಮಹಲ್ ಕಾವಲುಗಳು, ಅಂದ್ರೆ ದನಗಳಿಗೆ ಅಂತ ಮೀಸಲಿಟ್ಟ ದೊಡ್ಡ ಹುಲ್ಲುಗಾವಲುಗಳು ಈ ತಾಲ್ಲೂಕಲ್ಲಿದ್ದವು. ಕುರಿಗಳೂ ಅಲ್ಲೇ ಮೇದು ಬೆಳೆದವು. ಈಗ ಆ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಸಂಸ್ಥೆಗಳ ಕೈಲಿದೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ ಕ್ಯಾಂಪಸ್ ಇದೆ. 2017ರ ಮೇ ತಿಂಗಳಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆ ಆಯ್ತು. ಡ್ರೋನ್ ಹಾರುತ್ತೆ, ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತೆ, ಹೆಮ್ಮೆಯ ವಿಷಯಾನೇ. ಆದ್ರೆ ಬೇಲಿ ಬಿದ್ದ ಮೇಲೆ ಕುರಿ ಕಾಯೋರು ಹುಲ್ಲಿಗೆ ಇನ್ನೂ ದೂರ ನಡೀಬೇಕಾಯ್ತು. ತಟ್ಟೇಲಿರೋ ಮಟನ್ ಸಾರಿಗೂ ಆ ಬೇಲಿಗೂ ಸಂಬಂಧ ಇದೆ. ನಮ್ಮ ಭಾಷೇಲಿ ಹೇಳೋದಾದ್ರೆ ಅದೊಂದು ಡಿಪೆಂಡೆನ್ಸಿ.

ಹಾಗಾದ್ರೆ ಎಣ್ಣೆಗೇನಾಯ್ತು?

ಶೇಂಗಾ ಗಿಡದ ಸ್ವಭಾವ ವಿಚಿತ್ರ. ಹೂವು ನೆಲದ ಮೇಲೆ ಅರಳುತ್ತೆ, ಆಮೇಲೆ ಅದರಿಂದ ಸೂಜಿಯಂಥ ಎಳೆ ಮಣ್ಣಿಗೆ ಇಳಿದು ತುದೀಲಿ ಕಾಯಿ ಕಟ್ಟುತ್ತೆ. ಜೂನ್, ಜುಲೈಯಲ್ಲಿ ಬಿತ್ತಿದ್ರೆ ಈ ಹಂತ ಬರೋದು ಆಗಸ್ಟ್, ಸೆಪ್ಟೆಂಬರಿಗೆ. ಆಗ ಮಣ್ಣು ಮೆತ್ತಗಿರಬೇಕು. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದ ಅತಿ ಕಮ್ಮಿ ಮಳೆ ಬೀಳೋ ತಾಲ್ಲೂಕುಗಳ ಸಾಲಿನಲ್ಲಿವೆ. ಸರಿಯಾಗಿ ಆ ಹೊತ್ತಿಗೇ ಮಳೆ ಕೈಕೊಟ್ರೆ ಗಿಡ ಹಸಿರಾಗಿ ಕಂಡ್ರೂ ಕಿತ್ತು ನೋಡಿದಾಗ ಬುಡದಲ್ಲಿ ಕಾಯಿ ಇರಲ್ಲ. ಹಾಗಾಗಿ ಬೆಳೆ ಯಾವತ್ತೂ ಜೂಜೇ. ಆದ್ರೂ ಊರಲ್ಲೇ ಮಿಲ್ಲು ಇದ್ದಾಗ ಬೆಳೆದವನಿಗೆ ಊರಲ್ಲೇ ಗಿರಾಕಿ ಇದ್ದ.

ಇದಕ್ಕೆ ಹೊರಗಿಂದ ಬಂದ ಪೆಟ್ಟು ಸೇರ್ಕೊಂಡಿತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ಮಿಷನ್ ಶುರು ಮಾಡಿದ ಮೇಲೆ ದೇಶದಲ್ಲಿ ಎಣ್ಣೆಕಾಳಿನ ಬೆಳೆ ಚೆನ್ನಾಗಿ ಏರಿತ್ತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯ್ತು, ಮುಂದಿನ ವರ್ಷಗಳಲ್ಲಿ ಸುಂಕವೂ ಇಳೀತು. ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ ಹಡಗಲ್ಲಿ ಬಂದು, ಬಣ್ಣ ವಾಸನೆ ತೆಗೆಸ್ಕೊಂಡು, ಪ್ಯಾಕೆಟ್ಟಲ್ಲಿ ಕೂತು ನಮ್ಮ ಕಿರಾಣಿ ಅಂಗಡಿಗೂ ಬಂತು. ಇವತ್ತು ದೇಶ ಬಳಸೋ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು, ಅದರಲ್ಲಿ ದೊಡ್ಡ ಪಾಲು ತಾಳೆಯದ್ದು. ಮಳೆ ನಂಬಿದ ಶೇಂಗಾ ಒಂದು ಕಡೆ, ಅಗ್ಗದ ಪಾಮ್ ಇನ್ನೊಂದು ಕಡೆ. ನಡುವೆ ಸಿಕ್ಕ ಚಳ್ಳಕೆರೆ ಮಿಲ್ಲುಗಳಲ್ಲಿ ಎಷ್ಟೋ ಬಾಗಿಲು ಹಾಕಿದ್ವು.

ಪಾಮ್ ಎಣ್ಣೆ ವಿಷ ಅಂತ ನಾನು ಹೇಳ್ತಿಲ್ಲ. ಕರಿಯೋಕೆ ಅದು ತಾಳುತ್ತೆ, ಅಗ್ಗವಾಗಿ ಸಿಗುತ್ತೆ, ಬಡ ಮನೆಗಳ ಒಗ್ಗರಣೆಗೆ ಆಸರೆಯೂ ಆಗಿದೆ. ವಿಷಯ ಏನಂದ್ರೆ, ‘ಎಣ್ಣೆ ಸಿಟಿ’ಯ ಬಜ್ಜಿ ಯಾವ ಎಣ್ಣೇಲಿ ಕರಿದಿದ್ದು ಅಂತ ಬೋರ್ಡ್ ನೋಡಿ ತಿಳಿಯಲ್ಲ, ಕೇಳಿಯೇ ತಿಳೀಬೇಕು.

ಒಂದು ರೂಪಾಯಿ ಲೆಕ್ಕ

ಇಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಬಿಡಲ್ಲ. ಸಿಪ್ಪೆ ತೆಗೆದ ಶೇಂಗಾ ಬೀಜದಲ್ಲಿ ಎಣ್ಣೆ ಅಂಶ ಹೆಚ್ಚು ಕಮ್ಮಿ ಅರ್ಧದಷ್ಟು. ಗಾಣದಲ್ಲಿ ಪೂರ್ತಿ ಇಳಿಯಲ್ಲ. ಹಾಗಾಗಿ ಒಂದು ಲೀಟರ್ ಎಣ್ಣೆಗೆ ಎರಡೂಕಾಲರಿಂದ ಎರಡೂವರೆ ಕೆ.ಜಿ. ಬೀಜ ಬೇಕು. ಬೀಜ ಕೆ.ಜಿ.ಗೆ 120 ರೂಪಾಯಿ ಅಂತ ಇಟ್ಕೊಳ್ಳಿ. ಬೀಜಕ್ಕೇ 270ರಿಂದ 300 ಆಯ್ತು. ಉಳಿದ ಹಿಂಡಿಯನ್ನ ದನಕ್ಕೆ ಮಾರಿ ಬಂದ ದುಡ್ಡು ಕಳೆದ್ರೂ ಲೀಟರ್ 200 ದಾಟುತ್ತೆ, ಇನ್ನೂ ಕೂಲಿ, ಕರೆಂಟು ಸೇರಿಲ್ಲ. ಆ ದರದ ಬೀಜ ಇರುವಾಗ ಯಾರಾದ್ರೂ 150ಕ್ಕೆ ‘ಶುದ್ಧ ಗಾಣದ ಎಣ್ಣೆ’ ಕೊಡ್ತೀವಿ ಅಂದ್ರೆ, ಒಳಗೆ ಬೇರೇನೋ ಇದೆ. ಪೇಟೆಯ ದರ ಬದಲಾದ್ರೂ ಈ ಸೂತ್ರ ಬದಲಾಗಲ್ಲ: ಬೀಜದ ದರಕ್ಕೆ ಎರಡೂಕಾಲು ಪಟ್ಟು, ಹಿಂಡಿ ಕಳೆ, ಕೂಲಿ ಕೂಡು.

ಈಗ ಬಜ್ಜಿಗೆ ಬನ್ನಿ. ಒಂದು ಮೆಣಸಿನಕಾಯಿ ಬಜ್ಜಿ 10 ಮಿ.ಲೀ. ಎಣ್ಣೆ ಕುಡಿಯುತ್ತೆ ಅಂತ ಅಂದ್ಕೊಳ್ಳೋಣ. ಶೇಂಗಾ ಎಣ್ಣೆಗೂ ಪಾಮೋಲಿನ್‌ಗೂ ಲೀಟರಿಗೆ 100 ರೂಪಾಯಿ ವ್ಯತ್ಯಾಸ ಇದ್ರೂ, ಒಂದು ಬಜ್ಜಿಗೆ ಬೀಳೋ ವ್ಯತ್ಯಾಸ ಒಂದೇ ರೂಪಾಯಿ!

ಹಾಗಂತ ಅಂಗಡಿಯವರ ಮೇಲೆ ತಪ್ಪು ಹೊರಿಸೋದು ಸರಿಯಲ್ಲ. ಅವರಿಗೆ ಬಾಣಲೆ ತುಂಬಾ ಎಣ್ಣೆ ಒಂದೇ ಸಲ ಸುರೀಬೇಕು, ಕಪ್ಪಾದ ಮೇಲೆ ಚೆಲ್ಲಬೇಕು. ಪ್ಲೇಟಿಗೆ ಎರಡು ರೂಪಾಯಿ ಏರಿಸಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ ಅನ್ನೋ ಭಯ ಬೇರೆ. ಕೇಳೋ ಗಿರಾಕಿ ಇಲ್ಲದಿದ್ರೆ ಅವರಾದ್ರೂ ಯಾಕೆ ಬದಲಾಯಿಸ್ತಾರೆ? ಅದಕ್ಕೇ ಕೇಳೋಣ. ಜೋರು ಮಾಡೋದು ಬೇಡ, ಮೊಬೈಲ್ ಎತ್ತಿ ವಿಡಿಯೋ ಮಾಡೋದೂ ಬೇಡ. ‘ಅಣ್ಣಾ, ಯಾವ ಎಣ್ಣೇಲಿ ಕರೀತೀರಿ? ಶೇಂಗಾ ಎಣ್ಣೇದು ಇದ್ರೆ ಎರಡು ರೂಪಾಯಿ ಜಾಸ್ತಿ ಕೊಡ್ತೀವಿ’ ಅಂತ ಹೇಳಿ. ಒಬ್ಬರು ಹೇಳಿದ್ರೆ ನಗ್ತಾರೆ. ವಾರಕ್ಕೆ ಹತ್ತು ಜನ ಹೇಳಿದ್ರೆ ಲೆಕ್ಕ ಹಾಕ್ತಾರೆ.

ಇನ್ನೊಂದು ಮಾತು: ಯಾವ ಎಣ್ಣೆಯಾದ್ರೂ ಕರಿದಿದ್ದರಲ್ಲೇ ಮತ್ತೆ ಮತ್ತೆ ಕರಿದ್ರೆ ಕೆಡುತ್ತೆ. ಹಾಗೆ ಕೆಟ್ಟ ಎಣ್ಣೇಲಿ ಹುಟ್ಟೋ ಪೋಲಾರ್ ಸಂಯುಕ್ತಗಳು ಶೇಕಡಾ 25 ದಾಟಬಾರದು ಅನ್ನೋ ನಿಯಮ 2018ರ ಜುಲೈಯಿಂದ ದೇಶದಲ್ಲಿದೆ. ಮೀಟರ್ ಇಲ್ಲದೆ ಅದನ್ನ ಅಳೆಯೋಕಾಗಲ್ಲ. ಆದ್ರೆ ಎಣ್ಣೆ ಕಪ್ಪಾಗಿ, ಅಂಟಂಟಾಗಿ, ಮೇಲೆ ನೊರೆ ನಿಂತಿದ್ರೆ ಕಣ್ಣಿಗೇ ಗೊತ್ತಾಗುತ್ತೆ.

ಎರಡನೇ ದಿನ ಮೊಳಕಾಲ್ಮುರು

ಬಳ್ಳಾರಿ ರಸ್ತೇಲಿ ತಳಕು ದಾಟಿ, ಹಾನಗಲ್ ಹತ್ರ ಬಲಕ್ಕೆ ತಿರುಗಿದ್ರೆ ಮೊಳಕಾಲ್ಮುರು. ಆ ತಳಕು ಕಾದಂಬರಿಕಾರ ತ.ರಾ.ಸು. ಅವರ ಊರು, ಅವರ ಹೆಸರಿನ ಮೊದಲಕ್ಷರವೇ ಅದು. ಮೊಳಕಾಲ್ಮುರಿನ ಬೀದೀಲಿ ಕನ್ನಡ, ತೆಲುಗು ಎರಡೂ ಒಂದೇ ವಾಕ್ಯದಲ್ಲಿ ಕೇಳಿಸುತ್ತೆ. ಊರಿಗೆ ಹೆಸರು ತಂದಿದ್ದು ಕೈಮಗ್ಗದ ರೇಷ್ಮೆ ಸೀರೆ, ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಅಮ್ಮನಿಗೋ ಹೆಂಡತಿಗೋ ಸೀರೆ ತಗೊಳ್ಳೋದಿದ್ರೆ ಮಗ್ಗ ನೋಡಿ ತಗೊಳ್ಳಿ. ‘ಯಾವ ನೂಲು? ಯಾರು ನೇಯ್ದಿದ್ದು?’ ಅನ್ನೋ ಪ್ರಶ್ನೆ ಇಲ್ಲೂ ನಡೆಯುತ್ತೆ.

ತಿಂದಿದ್ದು ಅರಗಬೇಕಲ್ಲ, ಬ್ರಹ್ಮಗಿರಿ ಕಡೆ ಹೋಗಿ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ್ರು. ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಶಾಸನಗಳಿವೆ. ಬರೆದ ಲಿಪಿಕಾರ ಚಪಡನ ಹೆಸರೂ ಅದರಲ್ಲಿದೆ. ‘ಲಿಪಿಕಾರ’ ಅನ್ನೋ ಪದವನ್ನ ಅವನು ಖರೋಷ್ಠಿ ಲಿಪೀಲಿ ಕೆತ್ತಿದ್ದಾನೆ, ವಾಯವ್ಯ ಗಡಿ ಕಡೆಯ ಲಿಪಿ ಅದು. ಅಷ್ಟು ದೂರದಿಂದ ಕೆಲಸಕ್ಕೆ ಬಂದವನು ಈ ಬರದ ನಾಡಲ್ಲಿ ಏನು ಉಂಡಿರಬಹುದು ಅಂತ ನನಗೆ ಕುತೂಹಲ. ಶೇಂಗಾ ಅಂತೂ ಅಲ್ಲ. ಅದು ದಕ್ಷಿಣ ಅಮೆರಿಕದ ಬೆಳೆ, ನಮ್ಮ ಕಡೆ ಬಂದಿದ್ದು ಪೋರ್ಚುಗೀಸರು ಬಂದ ಮೇಲೆ. ‘ನಮ್ಮ ಪರಂಪರೆಯ ಶೇಂಗಾ’ ಅನ್ನೋಕೆ ಮುಂಚೆ ಇದೂ ಗೊತ್ತಿರಲಿ. ಹೊರಗಿಂದ ಬಂದಿದ್ದೂ ನಾಲ್ಕು ತಲೆಮಾರು ಬೆವರು ಸುರಿಸಿದ್ರೆ ನಮ್ಮದಾಗುತ್ತೆ.

ಫುಡ್ ಫೆಸ್ಟಿವಲ್ ಬೇಕಾ? ಜಾತ್ರೆಗೆ ಬನ್ನಿ

ಮಾಲ್‌ಗಳಲ್ಲಿ ಟಿಕೆಟ್ ಇಟ್ಟು ನಡೆಸೋ ಫುಡ್ ಫೆಸ್ಟ್ ಇಲ್ಲಿಲ್ಲ, ಜಾತ್ರೆ ಇದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುತ್ತೆ. ಹರಕೆ ಹೊತ್ತವರು ಒಣಕೊಬ್ಬರಿ ಸುಡ್ತಾರೆ, ಆ ಘಮ ಬೀದಿ ತುಂಬಾ ಹರಡಿರುತ್ತೆ. ತೇರಿಗೆ ಬಾಳೆಹಣ್ಣು ಎಸೀತಾರೆ. ಮಂಡಕ್ಕಿ, ಬೆಂಡು, ಬತ್ತಾಸು, ಖಾರದ ಅಂಗಡಿಗಳು ಸಾಲುಗಟ್ಟಿರ್ತವೆ. ಬರದ ನಾಡಲ್ಲಿ ಕೆರೆ ಕಟ್ಟಿಸಿದ ಆ ಸ್ವಾಮಿ ಹೇಳಿದ್ದು ಅಂತ ಜನ ಈಗಲೂ ಹೇಳೋ ಮಾತು ‘ಮಾಡಿದಷ್ಟು ನೀಡು ಭಿಕ್ಷೆ’. ಮಾಡಿದ ಕೆಲಸಕ್ಕೆ ತಕ್ಕ ಬೆಲೆ ಅನ್ನೋದನ್ನ ಇದಕ್ಕಿಂತ ಚಿಕ್ಕದಾಗಿ ಹೇಳೋಕಾಗಲ್ಲ. ಎಣ್ಣೆ ಬೆಲೆ ಚೌಕಾಸಿ ಮಾಡುವಾಗ ನೆನಪಿಸ್ಕೊಳ್ಳಿ.

ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಗೌರಸಮುದ್ರದ ಮಾರಮ್ಮನ ಜಾತ್ರೆ. ಕರ್ನಾಟಕ, ಆಂಧ್ರ ಎರಡೂ ಕಡೆಯಿಂದ ಜನ ಬರ್ತಾರೆ. ಬೆಂಗಳೂರಲ್ಲೇ ಇರ್ತೀವಿ ಅನ್ನೋರಿಗೆ ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ಇದ್ದೇ ಇದೆ. ಅಲ್ಲಿ ಬರೀ ಸೆಲ್ಫಿ ತಗೊಂಡು ಬರಬೇಡಿ, ಚೀಲ ಹಿಡಿದಿರೋ ರೈತರನ್ನ ಯಾವ ಊರಿನ ಕಾಯಿ, ಈ ಸಲ ಮಳೆ ಹೇಗಿತ್ತು ಅಂತ ಮಾತಾಡಿಸಿ.

ಯಾವಾಗ ಹೋಗೋದು, ಏನು ತರೋದು?

ನನ್ನ ಕೇಳಿದ್ರೆ ಅಕ್ಟೋಬರ್ ಕೊನೆಯಿಂದ ನವೆಂಬರ್. ಶೇಂಗಾ ಕೀಳೋ ಕಾಲ. ಹೊಲದ ಬದಿಯಲ್ಲಿ ಬಳ್ಳಿ ಸಮೇತ ಸುಟ್ಟ ಕಾಯಿ, ಉಪ್ಪು ಹಾಕಿ ಬೇಯಿಸಿದ ಹಸಿ ಕಾಯಿ ಸಿಗೋದು ಆಗಲೇ. ಬಿಸಿಲೂ ತಡೆಯೋ ಹಾಗಿರುತ್ತೆ. ಏಪ್ರಿಲ್, ಮೇ ಮಾತ್ರ ಬೇಡ.

ವಾಪಸ್ ಬರುವಾಗ ಎಣ್ಣೆ ತರೋಕೆ ಹಳೇ ದಾರಿಯೇ ಒಳ್ಳೇದು. ಬೀಜ ಕೊಂಡು, ಗಾಣಕ್ಕೆ ಒಯ್ದು, ಕೂಲಿ ಕೊಟ್ಟು ನಿಮ್ಮ ಕಣ್ಣೆದುರೇ ಆಡಿಸ್ಕೊಳ್ಳಿ. ಬೂಸ್ಟು ಹಿಡಿದ, ಕಪ್ಪಾದ, ಮುರುಟಿದ ಬೀಜ ಇದ್ರೆ ಆರಿಸಿ ತೆಗೀಬೇಕು. ಅಂಥದ್ರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ಹತ್ತು ಕೆ.ಜಿ. ಬೀಜಕ್ಕೆ ನಾಲ್ಕು ಲೀಟರ್ ಹತ್ತಿರ ಎಣ್ಣೆ ಬರುತ್ತೆ. ಎರಡು ದಿನ ಅಲುಗಾಡಿಸದೆ ಇಟ್ರೆ ಮಡ್ಡಿ ತಳಕ್ಕೆ ಕೂರುತ್ತೆ. ಹಿಂಡಿನ ಅಲ್ಲೇ ದನ ಸಾಕೋರಿಗೆ ಕೊಟ್ಟು ಬನ್ನಿ. ಹೋಗುವಾಗ ಡಿಕ್ಕೀಲಿ ಐದು ಲೀಟರಿನ ಸ್ಟೀಲ್ ಕ್ಯಾನ್ ಒಂದು ಇಟ್ಕೊಂಡು ಹೋಗಿ, ಮುಚ್ಚಳ ಬಿಗಿ ಇದೆಯಾ ಅಂತ ನೋಡ್ಕೊಂಡು.